ಕಡಜ ಕಚ್ಚಿದ ದಿನ ನಾನು ತೋರಿದ ಜಾಣತನ

ಕಷ್ಟ ಬಂದಾಗ ಕೆಲವರಿಗೆ ಬಾಯಿ ಕಟ್ಟಿಹೋಗುತ್ತದೆ. ನನಗೆ ಆಗಲೇ ತೆರೆದುಕೊಳ್ಳುತ್ತದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನನ್ನಂಥವರಿಗೆ ಇದು ಅಂಟಿಕೊಳ್ಳುವ ಕಾಯಿಲೆಯೇ ಇರಬೇಕು. ಮಕ್ಕಳಿಗೆ ಹುಳ ಕಚ್ಚಿದರೆ ಏನು ಮಾಡಬೇಕೆಂದು ಯಾರಾದರೂ ಕೇಳಲಿ ಎಂದೇ ನಾನು ಕಾಯುತ್ತಿದ್ದೆ. ಈಗ ಕೇಳಿದರೆ ಮಾತು ಬದಲಿಸುತ್ತೇನೆ. ಹೋದ ವರ್ಷದ ಒಂದು ಭಾನುವಾರ ಅದಕ್ಕೆ ಕಾರಣ.

ಚಿನಕುರಳಿಯ ನಮ್ಮ ಮನೆಯ ಹಿತ್ತಲಿನ ಸೀಬೆಮರದಲ್ಲಿ ಕಡಜಗಳು ಗೂಡು ಕಟ್ಟಿ ತಿಂಗಳಾಗಿತ್ತು. ತೆಗೆಸಿ ಎಂದು ಹೆಂಡತಿ ಸುಮ ಹೇಳಿ ಹೇಳಿ ಸಾಕಾಗಿದ್ದಳು. ಅವುಗಳ ಪಾಡಿಗೆ ಬಿಟ್ಟರೆ ಏನೂ ಮಾಡುವುದಿಲ್ಲವೆಂದು ನಾನು ಪಾಠ ಒಪ್ಪಿಸಿದ್ದೆ. ಆ ಬೆಳಿಗ್ಗೆ ಆರು ವರ್ಷದ ಮಗಳು ಸಿರಿ ಹಣ್ಣಿಗೆ ಕೈ ಚಾಚಿದಳು. ಕುತ್ತಿಗೆಗೆ ಎರಡು, ತೋಳಿಗೆ ಒಂದು ಕಚ್ಚಿದವು.

ಚೀರುತ್ತಿದ್ದ ಮಗುವನ್ನು ಜಗಲಿಯ ಮೇಲೆ ಕೂರಿಸಿಕೊಂಡು ನಾನೂ ಅವ್ವನೂ ವಾದಕ್ಕೆ ನಿಂತೆವು.

"ಸುಣ್ಣ ಅಚ್ಲಾ, ಉರಿ ಎಳ್ಕತದೆ," ಎಂದಳು ಅವ್ವ.

"ಸುಣ್ಣ ಚರ್ಮ ಸುಡ್ತದೆ ಕಣವ್ವ. ಈರುಳ್ಳಿ ತತ್ತಾ."

ಕೊನೆಗೆ ಇಬ್ಬರೂ ಗೆದ್ದೆವು. ಅವ್ವ ಸುಣ್ಣ ಹಚ್ಚಿದಳು, ಅದರ ಮೇಲೆ ನಾನು ಈರುಳ್ಳಿ ತಿಕ್ಕಿದೆ. ಜೇನಿನ ವಿಷಕ್ಕೂ ಕಡಜದ ವಿಷಕ್ಕೂ ಇರುವ ವ್ಯತ್ಯಾಸವನ್ನು ನಾನು ವಿವರಿಸುತ್ತಿದ್ದಾಗ ಸಿರಿ ಅಳು ನಿಲ್ಲಿಸಿದಳು. ಮದ್ದು ಹಿಡಿಯಿತೆಂದು ಬೀಗಿದೆ.

"ಅಪ್ಪಾ, ಗಂಟ್ಲೊಳಗೆ ಏನೋ ಆಯ್ತಾದೆ," ಎಂದಳು. ಅದು ಅವಳ ದನಿಯೇ ಅಲ್ಲ. ತುಟಿ ಊದಿತ್ತು, ಹೊಟ್ಟೆಯ ಮೇಲೆಲ್ಲ ದದ್ದು ಎದ್ದಿತ್ತು, ಉಸಿರೆಳೆದರೆ ಸಿಳ್ಳೆಯಂಥ ಸದ್ದು. ನಾನು ಈರುಳ್ಳಿ ಹಿಡಿದುಕೊಂಡೇ ನಿಂತಿದ್ದೆ. ಒಳಗಿನಿಂದ ಓಡಿಬಂದ ಸುಮ ಮಗುವನ್ನು ಬಾಚಿಕೊಂಡಳು.

"ಮಗೀಗೆ ಉಸ್ರು ಕಟ್ತಾ ಅದೆ, ಗಾಡಿ ತೆಗೀರಿ!"

ದಾರಿಯುದ್ದಕ್ಕೂ ಹಿಂದಿನಿಂದ ಸುಮಳ "ಸಿರಿ, ಮಾತಾಡವ್ವ" ಎಂಬ ಮಾತೊಂದೇ. ಮೊದಮೊದಲು ಮಗು ಊಂ ಎನ್ನುತ್ತಿದ್ದಳು. ಜಲ್ಲಿ ತುಂಬಿದ ಲಾರಿಯ ಹಿಂದೆ ನಾವು ಸಿಕ್ಕಿಬಿದ್ದಾಗ ಅದೂ ನಿಂತಿತು. ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಪಾಂಡವಪುರ ಬರುವವರೆಗೆ ನಾನು ಯಾರಿಗೂ ಏನನ್ನೂ ವಿವರಿಸಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಒಂದು ಮಾತೂ ಕೇಳದೆ ಅವಳ ತೊಡೆಗೆ ಇಂಜೆಕ್ಷನ್ ಕೊಟ್ಟು, ಮುಖಕ್ಕೆ ಆಕ್ಸಿಜನ್ ಹಾಕಿದರು. ಎಷ್ಟೋ ಹೊತ್ತಾದ ಮೇಲೆ, ಅಥವಾ ನನಗೆ ಹಾಗನ್ನಿಸಿದ ಮೇಲೆ, ಸಿರಿ ಕೆಮ್ಮಿ "ಅಮ್ಮಾ" ಎಂದಳು.

"ತುಟಿ ಊದಿ, ಉಸಿರಾಟ ಕಷ್ಟ ಆದ್ರೆ ಮನೆಮದ್ದು ಮಾಡ್ತಾ ಕೂರಬೇಡಿ, ತಕ್ಷಣ ಕರ್ಕೊಂಡು ಬನ್ನಿ. ಇನ್ನೊಂದು ಸ್ವಲ್ಪ ತಡವಾಗಿದ್ರೆ..." ಡಾಕ್ಟರು ಸುಮಳಿಂದ ಗೂಡಿನ ವಿಷಯ ಕೇಳಿ, ಅದನ್ನು ಗೊತ್ತಿದ್ದವರಿಂದ ಇವತ್ತೇ ತೆಗೆಸಿ ಎಂದು ಹೇಳಿ ಹೊರಟರು.

ನರ್ಸಮ್ಮ ಸಿರಿಯ ಕುತ್ತಿಗೆಯ ಸುಣ್ಣ ಒರೆಸಿದರು. ಕೆಳಗೆ ಚರ್ಮ ಬೆಂದು ಕೆಂಪಾಗಿತ್ತು. ಅಂಟಿದ್ದ ಈರುಳ್ಳಿ ಸಿಪ್ಪೆ ಬಿಡಿಸುತ್ತ ಅವರು ರೇಗಿದರು: "ನಿಮ್ಮನೇಲಿ ಓದ್ದೋರು ಯಾರೂ ಇಲ್ವೇನ್ರೀ?"

ಸುಮ ನನ್ನತ್ತ ನೋಡಿದಳು.

"ಇಲ್ಲ ಸಿಸ್ಟರ್," ಎಂದೆ.

ಸುಮ ತಿದ್ದಲಿಲ್ಲ.