ಸೋಲ್ ಅಂದರೆ ಸೋಲಲ್ಲ

ಕೂತಲ್ಲಿ ಕಾಲು ಕುಣಿಸುವ ಚಾಳಿ ನನಗೆ ಮೊದಲಿನಿಂದಲೂ ಇದೆ. ಮುಂದೆ ಹೇಳುವಂಥ ಪ್ರಸಂಗಗಳು ಅಂಥ ಕಾಲುಗಳನ್ನೇ ಹುಡುಕಿಕೊಂಡು ಬರುತ್ತವೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಉಡುಪಿ ಕಡೆಯಿಂದ ಕತಾರ್‌ಗೆ ಬಂದು ಹದಿನೇಳು ವರ್ಷವಾಯಿತು. ಹಮದ್ ಬಂದರಿನ ಹತ್ತಿರ ಒಂದು ಸರಕು ಸಾಗಣೆ ಕಚೇರಿಯಲ್ಲಿ ಕಾಗದಪತ್ರ ನೋಡುವ ಕೆಲಸ, ಶುಕ್ರವಾರ ಚರ್ಚಿನಲ್ಲಿ ಕೀಬೋರ್ಡ್ ನುಡಿಸುವ ಸೇವೆ. ಎರಡರಲ್ಲೂ ನನಗೆ ಅವಸರ. ಹಡಗು ಬರುವ ಮೊದಲೇ ಅದರ ಕಾಗದ ಸಿದ್ಧ, ಹಾಡು ಶುರುವಾಗುವ ಮೊದಲೇ ನನ್ನ ಬೆರಳು ಸಿದ್ಧ. ಮೊದಲನೆಯದಕ್ಕೆ ಆಫೀಸಿನಲ್ಲಿ ಹೊಗಳುತ್ತಾರೆ. ಎರಡನೆಯದಕ್ಕೆ ಚರ್ಚಿನ ಹಾಡುಗಾರರ ತಂಡ ನಡೆಸುವ ಕಾಯರ್ ಮಾಸ್ಟರು ಹಲ್ಲು ಕಡಿಯುತ್ತಾರೆ.

೧. ಆತ್ಮಕ್ಕೆ ಶಾಂತಿ

ನಮ್ಮಲ್ಲಿ ಕ್ರೇನ್ ನಡೆಸುವವರಿಗೆ ಸುರಕ್ಷತೆಯ ಪಾಠ ಹೇಳಲು ಒಬ್ಬ ಅಮೆರಿಕನ್ನರು ಬಂದರು. ಮಿಸಿಸಿಪ್ಪಿಯ ಕಪ್ಪು ಜನಾಂಗದವರು, ಅರವತ್ತು ದಾಟಿದವರು, ಬಾಗಿಲಿನ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ. ಹೆಸರು ನಮ್ಮ ಬಾಯಲ್ಲಿ ಸರಿಯಾಗಿ ಹೊರಳದೆ ಎಲ್ಲರೂ ಅವರನ್ನು ಮಿಸಿಸಿಪ್ಪಿಯವರು ಎಂದೇ ಕರೆದೆವು. ಐನ್ ಖಾಲಿದ್ ಬಡಾವಣೆಯಲ್ಲಿ ನಮ್ಮ ಕಟ್ಟಡದ ಹಿಂದಿನ ಬೀದಿಯಲ್ಲೇ ಅವರ ಮನೆ. ಹಾಗಾಗಿ ಅವರ ಪಿಕಪ್‌ನಲ್ಲೇ ನಾನೂ ಕೆಲಸಕ್ಕೆ ಹೋಗಿ ಬರತೊಡಗಿದೆ.

ಗಾಡಿಯಲ್ಲಿ ಸದಾ ಒಂದೇ ಬಗೆಯ ಹಾಡು. ಹಿಂದೆ ಆರ್ಗನ್ ಚರ್ಚಿನಂತೆ ಮೊಳಗುತ್ತಿತ್ತು, ಮುಂದೆ ಒಬ್ಬ ಗಂಡಸು ಎದೆ ಒಡೆದವನ ಹಾಗೆ ಬೇಡಿಕೊಳ್ಳುತ್ತಿದ್ದ. ಇದೇನೆಂದು ಕೇಳಿದೆ. ಸದರ್ನ್ ಸೋಲ್ ಅಂದರು. ಅಮೆರಿಕದ ದಕ್ಷಿಣದ ಕಪ್ಪು ಜನ ಚರ್ಚಿನ ಹಾಡನ್ನೂ ಹೊಲದ ದುಃಖದ ಹಾಡನ್ನೂ ಕಲಸಿ ಮಾಡಿದ ಸಂಗೀತವಂತೆ. ನಾನೂ ದಕ್ಷಿಣದವನೇ ಎಂದೆ. ಅವರು ರಸ್ತೆಯಿಂದ ಕಣ್ಣು ತೆಗೆಯದೆ, ಹಾಗಾದರೆ ನಿನಗೆ ಅರ್ಥವಾಗುತ್ತದೆ ಎಂದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ, ಅವರ ಗಾಡಿಯಲ್ಲಿ ಇಡೀ ದಿನ ಬರೀ ಸೋಲ್ ಎಂದು. ಯಾವ ಮ್ಯಾಚಿನಲ್ಲಿ ಸೋಲು ಎಂದು ಕೇಳಿದಳು. ಆ ಸೋಲಲ್ಲ, ಆತ್ಮ, ಆತ್ಮದ ಹಾಡು, ಕೇಳಿದರೆ ಅಳು ಬರುತ್ತದೆ ಎಂದೆ. ಅವಳ ಮುಖ ಇಳಿಯಿತು. ಪಾಪ, ಮನೆಯವರು ಯಾರೋ ತೀರಿಕೊಂಡಿರಬೇಕು ಎಂದುಕೊಂಡಳು. ನನಗೆ ಹೇಳದೆ ಚರ್ಚಿನಲ್ಲಿ ಪ್ರಾರ್ಥನೆಗೆ ಚೀಟಿ ಬರೆದುಕೊಟ್ಟಳು: ಮಿಸಿಸಿಪ್ಪಿಯ ಸಜ್ಜನರ ಮನೆಯಲ್ಲಿ ಅಗಲಿದವರ ಆತ್ಮಕ್ಕೆ.

ಆ ಶುಕ್ರವಾರ ನನ್ನ ಕೀಬೋರ್ಡ್ ಕೇಳಲೆಂದು ಅವರೂ ಬಂದು ನನ್ನ ಪಕ್ಕದ ಬೆಂಚಿನಲ್ಲೇ ಕೂತಿದ್ದರು. ಚೀಟಿ ಓದುವವರಿಗೆ ನನಗಿಂತ ಅವಸರ. ಉದ್ದದ್ದನ್ನೆಲ್ಲ ಕತ್ತರಿಸಿ, "ಮಿಸಿಸಿಪ್ಪಿಯ ಸಜ್ಜನರ ಆತ್ಮಕ್ಕೆ ಶಾಂತಿ ಸಿಗಲಿ" ಎಂದು ಇಂಗ್ಲಿಷಿನಲ್ಲೇ ಮೈಕಿನಲ್ಲಿ ಓದಿದರು. ಇಡೀ ಚರ್ಚು ತಲೆ ಬಾಗಿಸಿತು. ಅವರೂ ಬಾಗಿಸಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ನಾನು ಹೋದ ವಿಷಯ ಮೊದಲು ನನಗೆ ತಿಳಿಸಬಹುದಿತ್ತಲ್ಲ?"

೨. ತಡವಾಗಿ ಬರುವ ವಿದ್ಯೆ

ಅಂದಿನಿಂದ ನನಗೆ ಕೀಬೋರ್ಡ್ ಪಾಠ ಶುರುವಾಯಿತು. ಸಂಜೆ ಮಿಸಿಸಿಪ್ಪಿಯವರು ನಮ್ಮ ಫ್ಲಾಟಿಗೆ ಬಂದು ಸೋಫಾದ ಮೂರನೇ ಎರಡು ಭಾಗ ಹಿಡಿದು ಕೂರುತ್ತಿದ್ದರು. ನಾನು ನುಡಿಸಿದ ಕೂಡಲೇ ಕೈ ಎತ್ತಿ ನಿಲ್ಲಿಸುತ್ತಿದ್ದರು. ತಾಳ ಬೀಳುವ ಮೊದಲೇ ನೀನು ಅಲ್ಲಿ ನಿಂತಿರುತ್ತೀ, ತಾಳ ಬಿದ್ದ ಮೇಲೆ, ಕೂದಲೆಳೆಯಷ್ಟು ತಡವಾಗಿ ಬಾ ಎನ್ನುತ್ತಿದ್ದರು. ಹದಿನೇಳು ವರ್ಷ ತಡವಾಗಬಾರದೆಂದೇ ಬದುಕಿದವನಿಗೆ ತಡವಾಗು ಎಂದರೆ ಹೇಗೆ? ಬೆರಳು ತಡೆದು ಹಿಡಿದರೆ ಅವಸರ ಕಾಲಿಗೆ ಇಳಿಯುತ್ತಿತ್ತು. ಕೆಳಗಿನ ಮನೆಯ ಮಲಯಾಳಿ ಬಂದು, ನೀವು ಹೊಲಿಗೆ ಮೆಷಿನ್ ತಗೊಂಡಿರಾ ಎಂದು ವಿಚಾರಿಸಿ ಹೋದರು.

ಪಾಠದ ನಡುವೆ ಅವರು ತಮ್ಮ ಊರಿನ ಕಥೆ ಹೇಳುತ್ತಿದ್ದರು. ಕಪ್ಪು ಜನ, ಬಿಳಿ ಜನ ಒಂದೇ ಹೋಟೆಲಿನಲ್ಲಿ ಕೂತು ಉಣ್ಣುವಂತಿಲ್ಲದ ಕಾಲ. ಅದೇ ಸೀಮೆಯ ಸಣ್ಣ ಊರುಗಳ ರೆಕಾರ್ಡಿಂಗ್ ಕೋಣೆಗಳಲ್ಲಿ ಇಬ್ಬರೂ ಪಕ್ಕಪಕ್ಕ ಕೂತು ಈ ಹಾಡುಗಳನ್ನು ನುಡಿಸಿದರಂತೆ. ಒಳಗೆ ಒಂದೇ ತಾಳ, ಹೊರಗೆ ಬಂದರೆ ಬೇರೆ ಬೇರೆ ಬಾಗಿಲು. ಸಮಾನ ಹಕ್ಕುಗಳಿಗಾಗಿ ಜನ ಬೀದಿಗಿಳಿದಾಗ ಇದೇ ದನಿ ಅವರ ಜೊತೆ ನಡೆಯಿತು. ದುಡಿಮೆಗೆಂದು ಉತ್ತರದ ದೊಡ್ಡ ಪಟ್ಟಣಗಳಿಗೆ ಹೋದವರು ಊರನ್ನು ಈ ಹಾಡಿನಲ್ಲೇ ಕಟ್ಟಿಕೊಂಡು ಹೋದರು. ಈಗಲೂ ಅಲ್ಲಿ ವಾರಾಂತ್ಯಕ್ಕೆ ಜನ ಮಡಚುವ ಕುರ್ಚಿ ಹೊತ್ತು ಮೈದಾನಕ್ಕೆ ಬರುತ್ತಾರೆ, ಅಜ್ಜಿಯಂದಿರು ಸಾಲಾಗಿ ನಿಂತು ಹೆಜ್ಜೆ ಹಾಕುತ್ತಾರೆ. ಇದನ್ನೆಲ್ಲ ಹೇಳುವಾಗ ಅವರ ದನಿ ನಿಧಾನ. ಆದರೆ ಮನುಷ್ಯ ಎದ್ದು ಕಿಟಕಿಗೆ ಹೋಗುತ್ತಿದ್ದರು, ಬಂದು ಕೂರುತ್ತಿದ್ದರು, ಮತ್ತೆ ಕಿಟಕಿ. ನೀವು ಹಾಡುತ್ತಿದ್ದಿರಾ ಎಂದು ಒಮ್ಮೆ ಕೇಳಿದೆ. ಅವರು ಕಿಟಕಿಗೆ ಹೋದರು.

ಅಭ್ಯಾಸಕ್ಕೆಂದು ಎಲ್ಲದರಲ್ಲೂ ಕೂದಲೆಳೆ ತಡ ಮಾಡು ಎಂದಿದ್ದರು. ಒಂದು ದಿನ ಗಾಡಿಯನ್ನೂ ನನಗೇ ಓಡಿಸಲು ಕೊಟ್ಟರು. ಸಿಗ್ನಲ್ ಹಸಿರಾಯಿತು. ನಾನು ಮನಸ್ಸಿನಲ್ಲಿ ಒಂದು ಎಣಿಸಿ ಕಾದೆ. ಹಿಂದಿನಿಂದ ಒಮ್ಮೆಗೇ ಏಳೆಂಟು ಹಾರ್ನ್. ಗಾಬರಿಯಿಂದ ಪಕ್ಕಕ್ಕೆ ನೋಡಿದರೆ ಇವರು ಕಣ್ಣು ಮುಚ್ಚಿ ಕೇಳುತ್ತಿದ್ದಾರೆ.

"ನಿನ್ನ ಊರಿನವರು ಇಲ್ಲಿ ಬಹಳ ಇದ್ದಾರೆ ಅನಿಸುತ್ತದೆ," ಎಂದರು. "ಎಲ್ಲರೂ ತಾಳಕ್ಕೆ ಮೊದಲೇ ಬರುತ್ತಿದ್ದಾರೆ."

೩. ಹಿಂಬಾಗಿಲು

ಅವರ ಕರಾರು ಮುಗಿಯುತ್ತ ಬಂತು. ಬೀಳ್ಕೊಡುಗೆಗೆ ಅಲ್ ಗರಾಫಾದಲ್ಲಿ ಒಂದು ಸಭಾಂಗಣ ಗೊತ್ತುಮಾಡಿದೆವು. ಅವರು ಹಾಡಬೇಕು, ನಾನು ನುಡಿಸಬೇಕು, ಹಿಂದೆ ದನಿ ಸೇರಿಸಲು ನಮ್ಮ ಕಾಯರಿನ ಹೆಂಗಸರು ಎಂದು ನಾನೇ ಎಲ್ಲ ಕಡೆ ಹೇಳಿಬಿಟ್ಟೆ. ಅವರು ತಾವೇ ಎಂದೋ ಕಟ್ಟಿದ ಒಂದು ಹಾಡಿನ ಕಾಗದ ಮಾತ್ರ ತಂದುಕೊಟ್ಟರು.

ಹೆಂಗಸರು ಹಾಡಬೇಕಾದರೆ ಕಾಯರ್ ಮಾಸ್ಟರ ಒಪ್ಪಿಗೆ ಬೇಕು. ಮಾಸ್ಟರು ಬಹಳ ಕಟ್ಟುನಿಟ್ಟಿನವರು, ಚಪ್ಪಾಳೆಯನ್ನೂ ಅನುಮಾನದಿಂದ ನೋಡುವವರು. ನಾನು ರಾಗ ನುಡಿಸಿದೆ. ಕಣ್ಣು ಮುಚ್ಚಿ ಕೇಳಿದರು. ಅರ್ಧಕ್ಕೆ ತಲೆದೂಗಿದರು. ಮುಗಿದ ಮೇಲೆ, ಎಂಥ ಭಕ್ತಿ ಎಂದು ಕನ್ನಡಕ ಒರೆಸಿಕೊಂಡು ಅರ್ಥ ಕೇಳಿದರು.

ಹಾಡಿನಲ್ಲಿ ಒಬ್ಬ ಇನ್ನೊಬ್ಬನ ಹೆಂಡತಿಗಾಗಿ ಮಳೆಯಲ್ಲಿ ನಿಂತಿದ್ದ. ನಾನು ಹುಷಾರಾಗಿ, ಒಬ್ಬ ಮನುಷ್ಯ ಬಾಗಿಲು ತಟ್ಟುತ್ತಿದ್ದಾನೆ ಸರ್ ಎಂದೆ. ಬಾಗಿಲು ತಟ್ಟುವುದು ನಮ್ಮ ಪ್ರಾರ್ಥನೆಗಳಲ್ಲೇ ಇದೆಯಲ್ಲ, ಬಹಳ ಒಳ್ಳೆಯದು ಎಂದರು.

"ಹೌದು ಸರ್," ಎಂದೆ. "ಆದರೆ ಇವನು ತಟ್ಟುವುದು ಹಿಂಬಾಗಿಲು."

೪. ಮೊಣಕಾಲು

ಮಾಸ್ಟರು ಖಡಾಖಂಡಿತವಾಗಿ ಆಗದು ಎಂದರು. ಗಾಡಿಯಲ್ಲಿ ಈ ಸುದ್ದಿ ಹೇಳಿದಾಗ ಮಿಸಿಸಿಪ್ಪಿಯವರು ಮೊದಲ ಬಾರಿ ಗಾಡಿಯ ಹಾಡನ್ನು ನಿಲ್ಲಿಸಿದರು. ಅವರ ತಂದೆ ಊರಿನ ಚರ್ಚಿನ ಹಿರಿಯರಾಗಿದ್ದರಂತೆ. ಇವರು ಅಲ್ಲಿ ಹಾಡುತ್ತಿದ್ದ ಹುಡುಗ. ಇಪ್ಪತ್ತರಲ್ಲಿ ಅದೇ ರಾಗಕ್ಕೆ ದೇವರ ಹೆಸರು ತೆಗೆದು ಹುಡುಗಿಯ ಹೆಸರಿಟ್ಟು ಒಂದು ಕ್ಲಬ್ಬಿನಲ್ಲಿ ಹಾಡಿದರು. ಈ ಸಂಗೀತ ಹುಟ್ಟಿದ್ದೇ ಹಾಗೆ, ಎಷ್ಟೋ ಮನೆಗಳಲ್ಲಿ ಅದೇ ಜಗಳ. ತಂದೆ, ಆ ಬಾಯಲ್ಲಿ ಇನ್ನು ಇಲ್ಲಿ ಹಾಡಬೇಡ ಎಂದರು. ಇವರು ಅಲ್ಲೂ ಹಾಡಲಿಲ್ಲ, ಎಲ್ಲೂ ಹಾಡಲಿಲ್ಲ. ಬಂದರಿನಿಂದ ಬಂದರಿಗೆ ಅಲೆದರು. ತಂದೆ ತೀರಿಹೋದರು. ಇಷ್ಟು ಹೇಳಿ ಮತ್ತೆ ಹಾಡು ಹಾಕಿದರು.

ನನಗೆ ಮನಸ್ಸು ತಡೆಯಲಿಲ್ಲ. ಹೋಗಿ ಮಾಸ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸತೊಡಗಿದರು.

ಕಾರ್ಯಕ್ರಮದ ಸಂಜೆ ಜನ ತುಂಬಿದರು. ಹಾಡುವವರೇ ನಾಪತ್ತೆ. ಹುಡುಕಿದರೆ ಪಾರ್ಕಿಂಗಿನಲ್ಲಿ, ಪಿಕಪ್ ಒಳಗೆ, ಎಂಜಿನ್ ಚಾಲೂ ಇಟ್ಟು ಕೂತಿದ್ದಾರೆ. ಎಸಿಗೆ ಅಂತ ಎಂದರು. ಆದರೆ ಕೈ ಗೇರಿನ ಮೇಲಿತ್ತು. ನಾನು ಹತ್ತಿ ಪಕ್ಕದಲ್ಲಿ ಕೂತೆ. ಕಾಲು ಕುಣಿಸತೊಡಗಿದೆ. ಅವರ ಕಾಲೂ ಕುಣಿಯುತ್ತಿತ್ತು. ಗಾಡಿ ಇಡಿಯಾಗಿ ನಡುಗತೊಡಗಿತು. ನೇಪಾಳದ ಕಾವಲುಗಾರ ಓಡಿ ಬಂದು ಗಾಜು ತಟ್ಟಿ, ಎಂಜಿನ್ ಕೆಟ್ಟಿದೆಯೇ ಸಾಬ್ ಎಂದು ಕೇಳಿದ.

"ಎಂಜಿನ್ ಸರಿ ಇದೆ ತಮ್ಮಾ," ಎಂದರು ಅವರು. "ಮೊಣಕಾಲು ನಾಲ್ಕೂ ಕೆಟ್ಟಿವೆ."

೫. ಫೋನ್

ಅಷ್ಟರಲ್ಲಿ ಕಾಯರ್ ಮಾಸ್ಟರು ಬರುವುದು ಕಾಣಿಸಿತು. ಬೈಯುವುದಕ್ಕೇ ಬಂದರು ಎಂದುಕೊಂಡೆ. ಅವರು ಮಿಸಿಸಿಪ್ಪಿಯವರ ಬದಿಯ ಬಾಗಿಲು ತೆರೆದು ಹಿಡಿದು, "ನಮ್ಮ ಹೆಂಗಸರು ನಿಂತು ನಿಂತು ಸಾಕಾಗಿದ್ದಾರೆ. ಆ ದನಿ ಕೊಟ್ಟವನು ನಿಮ್ಮ ತಂದೆಯಲ್ಲ. ಬನ್ನಿ, ಯಲ್ಲಾ," ಎಂದು ಅರಬ್ಬಿಯಲ್ಲೂ ಅವಸರಪಡಿಸಿದರು. ಮಿಸಿಸಿಪ್ಪಿಯವರು ಗೇರಿನಿಂದ ಕೈ ತೆಗೆದರು. ಆಮೇಲೆ ಎಂಜಿನ್ ಆರಿಸಿದರು.

ಅವರ ಊರಿನ ಪದ್ಧತಿಯಲ್ಲಿ ಹಾಡಿಗೆ ಮೊದಲು ಹಾಡುಗಾರ ಒಂದು ಕಥೆ ಹೇಳುತ್ತಾನೆ, ಕೇಳುಗರು ಬಾಯಿಬಿಟ್ಟು ಉತ್ತರ ಕೊಡಬೇಕು. ಸುಮ್ಮನೆ ಕೂತರೆ ಹಾಡುಗಾರನಿಗೆ ಅವಮಾನ. ಇದನ್ನು ನಾನು ಮೈಕಿನಲ್ಲಿ ಜನರಿಗೆ ಎರಡೆರಡು ಸಲ ತಿಳಿಸಿದೆ. ಆದರೆ ಕಥೆ ಕಟ್ಟುಕಥೆ ಎಂದು ಹೇಳಲು ಮರೆತೆ.

ಮುಂದಿನ ಸಾಲಿನಲ್ಲಿ ನಮ್ಮ ನರ್ಸಮ್ಮ ಕೂತಿದ್ದರು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು, ಯಾರ ನೋವು ಕಂಡರೂ ಔಷಧಿ ಹೇಳದೆ ಇರಲಾರರು. ಅವರ ಪಕ್ಕದಲ್ಲಿ ಮಿಸಿಸಿಪ್ಪಿಯವರ ಹೆಂಡತಿ. ಗಂಡನನ್ನು ಕರೆದೊಯ್ಯಲು ಎರಡು ದಿನದ ಹಿಂದೆಯಷ್ಟೇ ಬಂದಿದ್ದರು. ನನ್ನ ಹೆಂಡತಿ ಅವರಿಗೆ ಸೀರೆ ಉಡಿಸಿ ಕೂರಿಸಿದ್ದಳು. ನರ್ಸಮ್ಮನಿಗೆ ಇದು ಗೊತ್ತಿಲ್ಲ. ಯಾರೋ ಆಫೀಸಿನವರು ಎಂದುಕೊಂಡು ಚಕ್ಕುಲಿ ಹಂಚಿಕೊಂಡು ತಿನ್ನುತ್ತಿದ್ದರು.

ನಾನು ಮೆಲ್ಲಗೆ ಕೀಬೋರ್ಡಿನಲ್ಲಿ ಆರ್ಗನ್ ದನಿ ಹಿಡಿದೆ. ಮಿಸಿಸಿಪ್ಪಿಯವರು ಕಣ್ಣು ಮುಚ್ಚಿ ಮಾತು ಶುರುಮಾಡಿದರು. ಅವಳು ನನ್ನನ್ನು ಬಿಟ್ಟು ಹೋದಳು. ಸೂಟ್‌ಕೇಸ್ ಒಯ್ದಳು, ನಾಯಿಯನ್ನೂ ಒಯ್ದಳು. ಒಲೆ ತಣ್ಣಗಿದೆ, ಮೂರು ದಿನದಿಂದ ಊಟವಿಲ್ಲ. ಈಗ ಫೋನ್ ಮಾಡುತ್ತಿದ್ದಾಳೆ. ಆಮೇಲೆ ಅವರು ಕೈ ಚಾಚಿ ಕೇಳಿದರು: "ಹೇಳಿ, ನಾನೇನು ಮಾಡಲಿ?"

ನರ್ಸಮ್ಮ ಎದ್ದು ನಿಂತರು. ಕಣ್ಣಲ್ಲಿ ನೀರು.

"ಮೊದಲು ಊಟ ಮಾಡಿ," ಎಂದರು. "ಆಮೇಲೆ ಅವಳ ಫೋನ್ ಎತ್ತಲೇಬೇಡಿ."

ಮಿಸಿಸಿಪ್ಪಿಯವರು ಕಣ್ಣು ತೆರೆದರು. ನಲವತ್ತು ವರ್ಷ ಮುಚ್ಚಿಟ್ಟ ಗಂಟಲು ಆ ಕ್ಷಣ ಬಿಚ್ಚಿಕೊಂಡಿತು. ತಮ್ಮ ಹಾಡು ಬಿಟ್ಟು, ಫೋನ್ ಎತ್ತಬೇಡ ಎಂಬುದನ್ನೇ ಪಲ್ಲವಿ ಮಾಡಿ ಎತ್ತಿಕೊಂಡರು. ಹೆಂಗಸರು ಹಿಂದಿನಿಂದ ಅದನ್ನೇ ಹಾಡಿದರು. ನಗು ತಡೆಯಲಾರದೆ ನನ್ನ ಕೈ ತಾಳಕ್ಕಿಂತ ಹಿಂದೆ ಬಿತ್ತು, ಅವರು ತಿರುಗಿ, ಹೀಗೇ ಇರು ಎಂಬಂತೆ ಕೈ ಮಾಡಿದರು. ಇಡೀ ಸಭೆ ಎದ್ದು ಚಪ್ಪಾಳೆ ತಟ್ಟುತ್ತ ಫೋನ್ ಎತ್ತಬೇಡ, ಎತ್ತಬೇಡ ಎಂದು ಹಾಡಿತು. ಕಾಯರ್ ಮಾಸ್ಟರೂ ತಟ್ಟಿದರು.

ಹಾಡು ಮುಗಿದಾಗ ನರ್ಸಮ್ಮ ಮೂಗು ಒರೆಸಿಕೊಂಡು ಪಕ್ಕದವರಿಗೆ, ಇಂಥವರನ್ನು ಬಿಟ್ಟು ಹೋದವಳ ಎದೆ ಕಲ್ಲಿರಬೇಕು ಎಂದರು. ಪಕ್ಕದವರು, ಇರಬಹುದು ಎಂದು ಒಪ್ಪಿ, ಸೀರೆಯ ನೆರಿಗೆ ಎತ್ತಿ ಹಿಡಿದು, ನಿಧಾನವಾಗಿ ವೇದಿಕೆ ಹತ್ತಿ ಮೈಕು ತೆಗೆದುಕೊಂಡರು.

"ಆ ಹೆಂಡತಿ ನಾನೇ," ಎಂದರು. "ಎಲ್ಲೂ ಹೋಗಿಲ್ಲ, ನಾಯಿಯೂ ಮನೆಯಲ್ಲೇ ಇದೆ. ಈ ಮನುಷ್ಯ ಮೊದಲೇ ನನ್ನ ಫೋನ್ ಎತ್ತುವುದಿಲ್ಲ. ನೀವಿಷ್ಟು ಜನ ಸೇರಿ ಅದಕ್ಕೆ ತಾಳ ಬೇರೆ ಹಾಕಿಕೊಟ್ಟಿರಿ."