ತಾರಸಿಯ ತೊಟ್ಟಿಗೆ ಅಜೀರ್ಣ

ಹೆಂಡತಿ ದುಂದು ಮಾಡುತ್ತಾಳೆ ಎಂದು ಗೋಳಾಡುವ ಗಂಡಸರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಮ್ಮ ಮನೆಯ ಕಸದ ಬುಟ್ಟಿಗೆ ವರ್ಷವಿಡೀ ಏಕಾದಶಿ. ಹೀರೆಕಾಯಿ ತಂದರೆ ತಿರುಳು ಪಲ್ಯಕ್ಕೆ, ಸಿಪ್ಪೆ ಚಟ್ನಿಗೆ. ಕಲ್ಲಂಗಡಿಯ ಬಿಳಿ ಭಾಗ ದೋಸೆಗೆ, ಕಿತ್ತಳೆ ಸಿಪ್ಪೆ ಗೊಜ್ಜಿಗೆ, ಕೊತ್ತಂಬರಿ ಕಡ್ಡಿ ಸಾರಿಗೆ. ಇಷ್ಟಾದ ಮೇಲೂ ಏನಾದರೂ ಮಿಕ್ಕರೆ ಬೀದಿಯ ಹಸುವಿಗೆ. (ಆ ಹಸುವೂ ನಮ್ಮ ಗೇಟಿನ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.) ಬನಶಂಕರಿಯ ಬೇರೆ ಯಾವ ಗಂಡನಿಗಾದರೂ ಇದು ಸಂತೋಷದ ಸಂಗತಿ. ನಾನು ಮಾತ್ರ ತಾರಸಿಯ ಮೇಲೆ ಗೋಬರ್ ಗ್ಯಾಸಿನ ತೊಟ್ಟಿ ಇಡಿಸಿಕೊಂಡಿದ್ದೆ, ಅದಕ್ಕೆ ದಿನಾ ಊಟ ಬೇಕಾಗಿತ್ತು.

ಇದಕ್ಕೆಲ್ಲ ಮೂಲ ಸುರಭಿ. ನನ್ನ ಹೆಂಡತಿ ಸತ್ಯಭಾಮಾಳ ಅಕ್ಕನ ಮಗಳು. ಪಶ್ಚಿಮ ಆಫ್ರಿಕಾದ ಘಾನಾದಲ್ಲಿ ಹಳ್ಳಿಗಳ ಕೆಲಸ ಮಾಡುವ ಒಂದು ಸಂಸ್ಥೆಯಲ್ಲಿದ್ದಾಳೆ. ಒಂದು ದಿನ ವಿಡಿಯೊ ಕಾಲ್ ಮಾಡಿ, ಅಲ್ಲಿಯ ಅಕೋಸುವಾ ಎಂಬಾಕೆಯ ಅಡುಗೆಮನೆ ತೋರಿಸಿದಳು. ಊರಿನ ಹೆಂಗಸರು ಮರಗೆಣಸಿನ ಸಿಪ್ಪೆಯನ್ನೂ ಮೇಕೆಯ ಹಿಕ್ಕೆಯನ್ನೂ ತಂದು ಒಂದು ದೊಡ್ಡ ತೊಟ್ಟಿಗೆ ಸುರಿಯುತ್ತಾರಂತೆ. ಒಲೆಯಲ್ಲಿ ಹೊಗೆಯಿಲ್ಲದ ನೀಲಿ ಉರಿ. ತೊಟ್ಟಿಯಿಂದ ಹೊರಬಂದ ಬಗ್ಗಡ ಜೋಳದ ಹೊಲಕ್ಕೆ ಗೊಬ್ಬರ. ನನಗೆ ಕುತೂಹಲ ತಡೆಯಲಾಗಲಿಲ್ಲ. ವಾಸನೆ ಬರುತ್ತದೆಯೆ, ಮಳೆಗಾಲದಲ್ಲೂ ಉರಿಯುತ್ತದೆಯೆ, ಅಷ್ಟು ಬೆಂಕಿ ಸಿಪ್ಪೆಯೊಳಗೆ ಎಲ್ಲಿ ಅಡಗಿತ್ತು ಎಂದು ಕೇಳುತ್ತಲೇ ಹೋದೆ. ತೊಟ್ಟಿಯನ್ನು ಹೊಟ್ಟೆ ಎಂದುಕೊಳ್ಳಿ, ಹೊಟ್ಟೆಗೆ ಒಗ್ಗದ್ದು ಅದಕ್ಕೂ ಒಗ್ಗದು ಎಂದು ಅಕೋಸುವಾ ಹೇಳಿದ್ದನ್ನು ಸುರಭಿ ಕನ್ನಡದಲ್ಲಿ ತಿಳಿಸಿದಳು. ಆ ಕೊನೆಯ ಮಾತು ನನ್ನ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಅಷ್ಟರಲ್ಲಾಗಲೇ ತಾರಸಿ ಅಳೆಯಲು ಟೇಪು ಹುಡುಕುತ್ತಿದ್ದೆ.

ತೊಟ್ಟಿ ಬಂತು. ಹೆಪ್ಪು ಹಾಕುವುದಕ್ಕೆ ಸಗಣಿ ಬೇಕಲ್ಲ, ಬಿಳೇಕಹಳ್ಳಿಯ ಚಿಕ್ಕಬೈರಪ್ಪನವರ ಬಳಿ ಹೋದೆ. ಹೊಲವೆಲ್ಲ ಬಾಡಿಗೆ ಮನೆಗಳಾದರೂ ಹಸು ಸಾಕುವುದನ್ನು ಬಿಡದ ಮನುಷ್ಯ. ಅವರು ನನ್ನನ್ನೂ ನನ್ನ ಡ್ರಮ್ಮನ್ನೂ ನೋಡಿ, "ಗೃಹಪ್ರವೇಶಕ್ಕೆ ಒಂದು ಉಂಡೆ ಸಗಣಿ ಕೇಳೋರು ಬರ್ತಾರೆ ಸಾರ್. ಡ್ರಮ್ ತರೋರ್ನ ಇವತ್ತೇ ನೋಡಿದ್ದು," ಅಂದರು. ಅಂತೂ ಸಗಣಿ ನಮ್ಮ ತಾರಸಿಗೆ ಆಟೋದಲ್ಲಿ ಬಿಜಯಂಗೈದಿತು. ನಾನು ದಿನವೂ ತೊಟ್ಟಿಗೆ ಕಿವಿಯಾನಿಸಿ ಒಳಗಿನ ಗುಳುಗುಳು ಸದ್ದು ಕೇಳುತ್ತ ಕೂತೆ. ಕೆಲವು ವಾರಗಳ ಮೇಲೆ ಒಲೆಯಲ್ಲಿ ಪುಟ್ಟ ನೀಲಿ ಉರಿ ಕಂಡಾಗ, ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಅದೇ ಹುರುಪಿನಲ್ಲಿ ಪಾರ್ಕಿನ ವಾಕಿಂಗ್ ಮಿತ್ರರನ್ನೆಲ್ಲ ಭಾನುವಾರ ಕಾಫಿಗೆ ಕರೆದುಬಿಟ್ಟೆ, ನಮ್ಮದೇ ಗ್ಯಾಸಿನಲ್ಲಿ ಕಾಯಿಸಿದ ಕಾಫಿಗೆ.

"ಉರಿ ಬರ್ಲಿಲ್ಲ ಅಂದ್ರೆ ಹೋಗೋದು ನನ್ನ ಕಾಫಿ ಮರ್ಯಾದೆ, ನಿಮ್ಮದಲ್ಲ," ಅಂದಳು ಸತ್ಯಭಾಮಾ.

ಅಷ್ಟು ಜನರ ಕಾಫಿಗೆ ಗ್ಯಾಸು ತುಂಬಬೇಕಾದರೆ ತೊಟ್ಟಿಗೆ ಹೊಟ್ಟೆತುಂಬ ಹಾಕಬೇಕು. ನಾನು ಅಡುಗೆಮನೆಯ ಬಾಗಿಲಲ್ಲಿ ಬಕೆಟ್ ಹಿಡಿದು ನಿಂತು, ತರಕಾರಿಯನ್ನು ಸ್ವಲ್ಪ ಧಾರಾಳವಾಗಿ ಹೆಚ್ಚು, ಒಂದು ಹಿಡಿ ಅನ್ನವಾದರೂ ಮಿಗಿಸು ಎಂದು ಬೇಡಿಕೊಂಡೆ. ಅವಳಿಗೆ ನಿಜವಾಗಿಯೂ ನೋವಾಯಿತು. ಅನ್ನ ಚೆಲ್ಲು ಅಂತ ತನಗೆ ಯಾರೂ ಹೇಳಿರಲಿಲ್ಲ, ಕಟ್ಟಿಕೊಂಡ ಗಂಡನೇ ಹೇಳುವ ಕಾಲ ಬಂತಲ್ಲ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸರಿ, ಪಕ್ಕದ ಮನೆಯ ಲತಾಮಣಿಯವರ ಬಳಿ ಸಿಪ್ಪೆ ಕೇಳಿದೆ. ಸಂಜೆಯ ಹೊತ್ತಿಗೆ ಸತ್ಯಭಾಮಾ ಗಂಡನಿಗೆ ಸರಿಯಾಗಿ ಊಟ ಹಾಕುವುದಿಲ್ಲ, ಪಾಪ ಸಿಪ್ಪೆ ಕೇಳಿಕೊಂಡು ಬರುತ್ತಾರೆ ಎಂದು ಬೀದಿಗೆಲ್ಲ ಸುದ್ದಿಯಾಯಿತು. ಆ ರಾತ್ರಿ ನಮ್ಮ ಮನೆಯಲ್ಲಿ ಸಾರೊಂದನ್ನು ಬಿಟ್ಟು ಬೇರೇನೂ ಕುದಿಯಲಿಲ್ಲ ಎಂದು ಹೇಳಿದರೆ ಸುಳ್ಳಾದೀತು.

ಶುಕ್ರವಾರ ಅವಳ ಸಿಟ್ಟು ಇಳಿಯಲೆಂದು ಬನಶಂಕರಿ ಅಮ್ಮನ ಗುಡಿಗೆ ಜೊತೆಯಲ್ಲಿ ಹೋದೆ. ರಾಹುಕಾಲ. ಹೆಂಗಸರು ನಿಂಬೆಹಣ್ಣು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಮಗುಚಿ ಬಟ್ಟಲು ಮಾಡಿ ದೀಪ ಹಚ್ಚುತ್ತಿದ್ದರು. ನಾನು ಭಕ್ತಿಯಿಂದ ಕಣ್ಣು ಮುಚ್ಚಿ ತೆರೆದರೆ, ಒಂದು ಮೂಲೆಯಲ್ಲಿ ಆರಿದ ದೀಪಗಳ ರಾಶಿ! ಅಮ್ಮ ನನ್ನ ತೊಟ್ಟಿಯ ಪಾಲಿಗೆ ಅನ್ನಪೂರ್ಣೆಯಾಗಿದ್ದಳು. ಗುಡಿಸುವಾಕೆಯನ್ನು ಕೇಳಿ ಚೀಲ ತುಂಬಿಸಿಕೊಂಡೆ.

"ಅಮ್ಮನ ದೀಪ ಕಣ್ರೀ. ಅದನ್ನ ತೊಟ್ಟಿಗೆ ಹಾಕೋದಾ?"

"ದೀಪ ಇನ್ನೊಂದ್ಸಲ ಉರಿಯುತ್ತೆ ಸತ್ಯಾ. ಇದಕ್ಕಿಂತ ಪುಣ್ಯ ಉಂಟಾ?"

ಚೀಲವಿಡೀ ತೊಟ್ಟಿಗೆ ಸುರಿದೆ.

ಭಾನುವಾರ ಮಿತ್ರರೆಲ್ಲ ತಾರಸಿಗೆ ಬಂದರು. ಅಕೋಸುವಾಳ ಊರಿನ ಮಹಿಮೆಯನ್ನು ವರ್ಣಿಸಿ, ತೊಟ್ಟಿಯ ಪಕ್ಕದಲ್ಲಿಟ್ಟಿದ್ದ ಒಲೆಯ ಕೊಳಾಯಿ ತಿರುಗಿಸಿ ಕಡ್ಡಿ ಗೀರಿದೆ. ಕಡ್ಡಿ ಆರಿತು. ಇನ್ನೊಂದು ಗೀರಿದೆ. ಒಲೆಯಿಂದ ಹುಳಿ ತೇಗಿನಂಥ ವಾಸನೆ ಬಂತೇ ಹೊರತು ಉರಿ ಬರಲಿಲ್ಲ. ಮಿತ್ರರು ಆಕಾಶ ನೋಡತೊಡಗಿದರು. ಅಷ್ಟರಲ್ಲಿ ಕೆಳಗಿನಿಂದ ಡಿಕಾಕ್ಷನ್ ಪರಿಮಳ ತೇಲಿಬಂತು. ಸತ್ಯಭಾಮಾ ಸದ್ದಿಲ್ಲದೆ ಸಿಲಿಂಡರಿನ ಒಲೆ ಹಚ್ಚಿದ್ದಳು. ಒಬ್ಬೊಬ್ಬರಾಗಿ ಎಲ್ಲರೂ ಮೆಟ್ಟಿಲಿಳಿದರು. ನಾನು ಬೆಂಕಿಪೊಟ್ಟಣ ಹಿಡಿದುಕೊಂಡು ಅಲ್ಲೇ ಉಳಿದೆ.

ಅವರು ಹೋದ ಮೇಲೆ ಸುರಭಿಗೆ ಫೋನು ಮಾಡಿದೆವು. ಅಕೋಸುವಾ ಪಕ್ಕದಲ್ಲೇ ಇದ್ದಳು. ನಿಂಬೆಹಣ್ಣಿನ ವಿಷಯ ಕೇಳಿ ತಲೆಯ ಮೇಲೆ ಕೈ ಇಟ್ಟುಕೊಂಡಳು. ತೊಟ್ಟಿಯೊಳಗೆ ಹುಳಿ ಹೆಚ್ಚಾಗಿ ಹೊಟ್ಟೆ ಕೆಟ್ಟಿದೆ, ಕೆಲವು ದಿನ ಏನೂ ಹಾಕದೆ ಲಂಘನ ಮಾಡಿಸಿ, ಆಮೇಲೆ ಮೆತ್ತಗಿನದೇನಾದರೂ ಸ್ವಲ್ಪಸ್ವಲ್ಪವೇ ಕೊಡಿ ಎಂದಳು. ಆಮೇಲೆ ಅವಳಿಗೂ ಒಂದು ಕುತೂಹಲ ಹುಟ್ಟಿತು.

"ಚಿಕ್ಕಮ್ಮ, ತೊಟ್ಟಿ ಬರೋ ಮುಂಚೆ ನಿಮ್ಮನೇಲಿ ಮಿಕ್ಕಿದ್ದೆಲ್ಲ ಎಲ್ಲಿಗೆ ಹೋಗ್ತಿತ್ತು ಅಂತ ಕೇಳ್ತಿದಾರೆ," ಅಂದಳು ಸುರಭಿ.

ಸತ್ಯಭಾಮಾ ಫೋನನ್ನು ನನ್ನ ಮುಖದ ಕಡೆ ತಿರುಗಿಸಿದಳು. ಘಾನಾದ ಆ ಅಡುಗೆಮನೆಯಲ್ಲಿದ್ದ ಹೆಂಗಸರೆಲ್ಲ ನಕ್ಕರು.

ಲಂಘನ ಮುಗಿದ ದಿನ ಸತ್ಯಭಾಮಾ ತಾನೇ ಮೆತ್ತಗೆ ಅನ್ನ ಬೇಯಿಸಿ, ಆರಿಸಿ, ಕಿವುಚಿ ತಾರಸಿಗೆ ಒಯ್ದಳು. ಪಾಪ, ಅದಕ್ಕೇನು ಗೊತ್ತು, ಹಾಕಿದ್ದನ್ನು ತಿಂದಿದೆ ಎನ್ನುತ್ತ ತೊಟ್ಟಿಯ ಬೆನ್ನು ತಟ್ಟಿದಳು. ಅನ್ನದ ಘಮಕ್ಕೆ ನನಗೂ ಹಸಿವಾಗಿ ಕೆಳಗೆ ಬಂದು ತಟ್ಟೆಯ ಮುಂದೆ ಕೂತೆ. ತಟ್ಟೆಯಲ್ಲಿ ಬೆಳಗಿನ ಉಪ್ಪಿಟ್ಟಿತ್ತು.

"ನನಗೂ ಒಂಚೂರು ಬಿಸಿ ಅನ್ನ ಇಲ್ವಾ?"

"ಅದಕ್ಕೆ ಹುಷಾರಿಲ್ಲ," ಅಂದಳು. "ನಿಮಗೇನಾಗಿದೆ? ಇಷ್ಟು ವರ್ಷ ಒಂದಿನಾನೂ ಕೆಟ್ಟು ನಿಂತಿಲ್ಲವಲ್ಲ."