ಭಾಮೈದನ ಕೋವಿಗೆ ನನ್ನ ಸಾಕ್ಷಿ

ಅಧಿಕಾರಿಗಳ ಜೊತೆ ಮಾತಾಡುವ ಕಲೆ ನನಗೆ ಸಿದ್ಧಿಸಿದೆ ಎಂದು ಮೊನ್ನೆಯವರೆಗೂ ನಂಬಿದ್ದೆ. ಅಬುಧಾಬಿಯಲ್ಲಿ ವೀಸಾ ಇರಲಿ, ಬಾಡಿಗೆ ಕರಾರಿರಲಿ, ಅವರು ಕೇಳುವ ಮೊದಲೇ ಎಲ್ಲ ಹೇಳಿಬಿಡುತ್ತೇನೆ. ಕೆಲಸ ಖಲಾಸ್.

ನಾನು ಮೈಸೂರಿನವನು, ಹೆಂಡತಿ ಕಾವೇರಿ ಕೊಡವರವಳು. ಅವಳ ತಮ್ಮ ಬೋಪಣ್ಣ ಇಲ್ಲೇ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ನಮ್ಮ ಜೊತೆ ಇದ್ದಾನೆ. ಊರಲ್ಲಿ ಅವರ ಅಜ್ಜನಿಗೆ ಒಂದೇ ಹಟ: ಈ ಸಲದ ಕೈಲ್ ಮುಹೂರ್ತದಲ್ಲಿ, ಅಂದರೆ ಕೊಡವರ ಆಯುಧಪೂಜೆಯ ಹಬ್ಬದಲ್ಲಿ, ಪೂಜೆ ಮಾಡಿದ ಕೋವಿ ಮೊಮ್ಮಗನ ಕೈ ಸೇರಬೇಕು, ಅದನ್ನು ತಾನು ಕಣ್ಣಾರೆ ನೋಡಬೇಕು. ಬೋಪಣ್ಣನಿಗೆ ಒಂದೇ ಹೆದರಿಕೆ. ಹೈಸ್ಕೂಲಿನಲ್ಲಿದ್ದಾಗ ಹಾಕಿ ಮ್ಯಾಚ್ ನೋಡಲು ಪಕ್ಕದ ಮನೆಯವರ ಜೀಪನ್ನು ಕೇಳದೆ ಒಯ್ದಿದ್ದ. ಬಾಲನ್ಯಾಯ ಮಂಡಳಿ ಬುದ್ಧಿ ಹೇಳಿ ಕಳಿಸಿತ್ತು. ಆ ಕೇಸು ಈಗ ಕೋವಿಗೆ ಅಡ್ಡ ಬಂದರೆ?

ಕೋವಿ ಇಟ್ಟುಕೊಳ್ಳುವ ಅಪ್ಪಣೆ ಕೊಡುವ ಮುಂಚೆ ಊರಿನ ಪೊಲೀಸ್ ಅಧಿಕಾರಿ ವಿಡಿಯೊ ಕಾಲ್ ಮಾಡುವವರಿದ್ದರು. ನಡತೆಗೆ ಸಾಕ್ಷಿ ನಾನು.

"ರೀ, ಒಳ್ಳೆ ಹುಡುಗ ಅಂತ ಹೇಳಿ ಫೋನ್ ಇಟ್ಟುಬಿಡಿ" ಎಂದಳು ಕಾವೇರಿ.

ಕಾಲ್ ಬಂತು. "ಹುಡುಗ ಹೇಗೆ?" ಎಂದರು ಅಧಿಕಾರಿ.

"ಅಪರಂಜಿ ಸರ್. ಆ ಜೀಪಿನ ವಿಷಯ ಒಂದು ಬಿಟ್ಟರೆ."

"ಯಾವ ಜೀಪು?"

ಬೋಪಣ್ಣ ಸೋಫಾದಲ್ಲಿ ಕುಸಿದ. ನಾನು ತೇಪೆ ಹಚ್ಚಲು ಹೊರಟೆ. "ಕದ್ದದ್ದಲ್ಲ ಸರ್, ಕೇಳದೆ ತಗೊಂಡಿದ್ದು. ಡ್ರೈವಿಂಗ್ ಮಾತ್ರ ಅದ್ಭುತ. ಇಲ್ಲಿ ಲೈಸೆನ್ಸ್ ಇಲ್ಲದಿದ್ದರೂ ನನ್ನ ಕಾರು ತೆಗೀತಾನೆ."

"ಭಾವ!"

"ಕಾಂಪೌಂಡಿನ ಒಳಗೆ ಸರ್, ತೊಳೆಯೋಕೆ!"

ಕಾವೇರಿ ಫೋನ್ ಕಿತ್ತುಕೊಂಡಳು. ಅಧಿಕಾರಿ ಸಮಾಧಾನವಾಗಿ ಹೇಳಿದರು: "ನೋಡಿಮ್ಮಾ, ಚಿಕ್ಕ ವಯಸ್ಸಿನ ಅಂಥ ಕೇಸು ಮುಂದೆ ಅಡ್ಡ ಬರಬಾರದು ಅಂತ ಕಾನೂನೇ ಇದೆ. ದಾಖಲೆಯನ್ನೂ ಅಳಿಸಿರುತ್ತಾರೆ. ನನಗೇನೂ ಗೊತ್ತಿರಲಿಲ್ಲ. ಇವತ್ತೇ ಸಹಿ ಹಾಕುವವನಿದ್ದೆ. ನಿಮ್ಮ ಯಜಮಾನರು ಇಷ್ಟೆಲ್ಲ ಹೇಳಿದ ಮೇಲೆ ಒಂದು ಸಲ ವಿಚಾರಿಸಬೇಕಲ್ಲ."

ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿ ನನ್ನ ಜೊತೆ ಯಾರೂ ಮಾತಾಡಲಿಲ್ಲ. ಊಟ ಮಾತ್ರ ಸಿಕ್ಕಿತು. ಕೊನೆಗೆ ಜೀಪಿನ ಯಜಮಾನರೇ ಠಾಣೆಗೆ ಹೋಗಿ "ಚಿನ್ನದಂಥ ಹುಡುಗ" ಎಂದು ಎರಡೇ ಮಾತು ಹೇಳಿ ಬಂದರಂತೆ. ಹಬ್ಬದ ಮುಂಚಿನ ದಿನ ಅಪ್ಪಣೆ ಸಿಕ್ಕಿತು.

ಬೋಪಣ್ಣ ಸಿಕ್ಕ ವಿಮಾನ ಹತ್ತಿ ಊರು ಸೇರಿದ. ಹಬ್ಬದ ದಿನ ವಿಡಿಯೊದಲ್ಲಿ ನೋಡಿದೆವು. ಅಜ್ಜ ಕೋವಿ ಕೊಟ್ಟರು, ಕಣ್ಣೊರೆಸಿಕೊಂಡರು. ನನ್ನ ಕಣ್ಣೂ ಒದ್ದೆಯಾಯಿತು.

"ಸಾಕ್ಷಿ ಹೇಳಿದ ಅಳಿಯ ಎಲ್ಲಿ? ಅವನಿಗೆ ಫೋನ್ ಕೊಡು" ಎಂದರು ಅಜ್ಜ.

ನಾನು ಕೈ ಚಾಚಿದೆ. ಕಾವೇರಿ ಫೋನನ್ನು ಆಚೆ ಸರಿಸಿದಳು.

"ಕೋವಿ ಬೋಪಣ್ಣನ ಕೈಲಿರಲಿ ಅಜ್ಜ, ಭಯ ಇಲ್ಲ. ಫೋನ್ ಮಾತ್ರ ಇವರ ಕೈಗೆ ಬೇಡ."